ಹೊಗೆ ಬಾರದ ದೋಣಿ

ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯ ಕೋದಂಡಪ್ಪನಿಗೆ ಹೊಗೆ, ಧೂಳು ಎರಡೂ ಕಂಡರಾಗದು. ತಾನು ಗಣಿಯಲ್ಲಿ ಫಿಟ್ಟರ್ ಆಗಿದ್ದಾಗ, ಅಲ್ಲೇ ದುಡಿಯುತ್ತಿದ್ದ ತಂಗಿಯ ಗಂಡ ಕಲ್ಲಿನ ಧೂಳು ಕುಡಿದು ಕುಡಿದು, ಮಲಗಲಾಗದೆ ಗೋಡೆಗೆ ಒರಗಿಕೊಂಡೇ ಕೆಮ್ಮಿ ಕೆಮ್ಮಿ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ. ತಂಗಿಯ ಮಗ ಮುನೀಂದ್ರನನ್ನು ತಾನೇ ಸಾಕಿ, ಮಗಳು ವನಿತಾಳನ್ನು ಕೊಟ್ಟು ಅಳಿಯ ಮಾಡಿಕೊಂಡ. ಅವನಿಗೂ ಉಬ್ಬಸ. ಮುನೀಂದ್ರ ಎರಡು ಸಲ ಕೆಮ್ಮಿದರೆ ಸಾಕು, ಮಾವನ ಕೈಯಲ್ಲಿದ್ದ ಸ್ಪ್ಯಾನರ್ ನಿಂತುಬಿಡುತ್ತಿತ್ತು.

ಗಣಿ ಮುಚ್ಚಿದ ಮೇಲೆ ಕೋದಂಡಪ್ಪ ಆಂಡರ್ಸನ್‌ಪೇಟೆಯಲ್ಲಿ ಡೀಸೆಲ್ ಪಂಪ್‌ಸೆಟ್ ರಿಪೇರಿಗೆ ಕೂತ. ಪಂಪ್‌ಸೆಟ್ ಅಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ದೋಣಿ? ನಮ್ಮ ಬಂಗಾರಪೇಟೆ ಸೀಮೆಯಲ್ಲಿ ಕೆರೆಗೆ ನೀರು ಬಂದರೇ ಹೆಚ್ಚು, ದೋಣಿ ಕಂಡವರು ಯಾರಿದ್ದಾರೆ! ಅಂಥದ್ದರಲ್ಲಿ ಆ ವರ್ಷದ ಮಳೆಗೆ ಬೂದಿಕೋಟೆ ಕಡೆಯ ಕೆರೆಯೊಂದು ಕೋಡಿ ಬಿತ್ತು. ಅಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದ ಮುನಿರಾಜ್ ಎಲ್ಲಿಂದಲೋ ಹಳೆಯ ಕಬ್ಬಿಣದ ದೋಣಿ ತಂದು, ಇದಕ್ಕೊಂದು ಪಂಪ್‌ಸೆಟ್ ಎಂಜಿನ್ ಕೂರಿಸಿಕೊಡಿ ಎಂದು ಕೋದಂಡಪ್ಪನನ್ನು ಕರೆದ. ನಡೆಸುವುದಕ್ಕೆ ಮುನೀಂದ್ರ ಎಂದಾಯಿತು.

ಮೊದಲ ದಿನ ಸೈಲೆನ್ಸರ್ ಪೈಪು ನೆಟ್ಟಗೆ ಮೇಲಕ್ಕಿತ್ತು, ಹೊಲದ ಪಂಪ್‌ಸೆಟ್ಟಿಗೆ ಇರುವ ಹಾಗೆ. ಗಾಳಿ ತಿರುಗಿದಾಗಲೆಲ್ಲ ಹೊಗೆ ಮುನೀಂದ್ರನ ಮುಖಕ್ಕೇ ಬಡಿಯಿತು. ದಡಕ್ಕೆ ಬಂದವನು ಮೊಣಕಾಲು ಹಿಡಿದು ಬಗ್ಗಿ ಉಸಿರೆಳೆಯುವುದನ್ನು ಕಂಡು ಕೋದಂಡಪ್ಪ ಓಡಿಹೋಗಿ ಬೆನ್ನು ನೀವಿದ.

“ನಿಮ್ಮಪ್ಪಂದೂ ಇದೇ ಕೆಮ್ಮು ಕಣ್ಲಾ. ತಡಿ, ಒಗೆ ನಿನ್ ತಾವಕ್ಕೇ ಬರ್ದಂಗೆ ಮಾಡ್ತೀನಿ,” ಎಂದ.

ಎಂಜಿನ್ ದೋಣಿಯ ತಳದಲ್ಲಿ ಕೂತಿತ್ತು. ಕೋದಂಡಪ್ಪ ಪೈಪು ಕತ್ತರಿಸಿ, ಅಲ್ಲಿಂದ ಮಟ್ಟಸವಾಗಿ ಹಿಂದಕ್ಕೆಳೆದು, ಹಿಂಬದಿಯಲ್ಲಿ ನೀರಿಗಿಂತ ಗೇಣುದ್ದ ಮೇಲೆ ಅದರ ಬಾಯಿ ಬಿಟ್ಟ. ಹೊಗೆ ನೀರಿನ ಮೇಲೆ ಹಾಗೇ ಹಿಂದೆ ಹೋಯಿತು. ಮುನೀಂದ್ರ ಕೆಮ್ಮಲಿಲ್ಲ. ದಡದಲ್ಲಿದ್ದವರು ಶಹಬ್ಬಾಸ್ ಎಂದರು, ಕೋದಂಡಪ್ಪ ಮೀಸೆ ತಿರುವಿದ. ತಿರುವಲಿ ಬಿಡಿ ಪಾಪ, ಗಣಿ ಮುಚ್ಚಿದಾಗಿನಿಂದ ಅವನನ್ನು ಹೊಗಳಿದವರೇ ಇರಲಿಲ್ಲ.

ಆದರೆ ದೋಣಿ ಹೊಲದಲ್ಲಿ ಅಲ್ಲಾಡದೆ ಕೂರುವ ಪಂಪ್‌ಸೆಟ್ ಅಲ್ಲವಲ್ಲ. ಒದ್ದೆ ಬಲೆ, ಮೀನು ಎಲ್ಲ ಹಿಂಬದಿಗೆ ಬಿದ್ದರೆ ಹಿಂಬದಿ ತಗ್ಗಿ ಪೈಪಿನ ಬಾಯಿ ನೀರಿನ ಮಟ್ಟಕ್ಕೆ ಬರುತ್ತದೆ. ಎಂಜಿನ್ ಓಡುತ್ತಿದ್ದರೆ ಹೊಗೆಯೇ ನೀರನ್ನು ಆಚೆ ತಳ್ಳುತ್ತದೆ. ನಿಲ್ಲಿಸಿದ ಮೇಲೆ ಅಲೆ ಬಂದು ಪೈಪಿಗೆ ನುಗ್ಗಿದರೆ ಅಡ್ಡ ನಿಲ್ಲುವುದು ಏನೂ ಇಲ್ಲ.

ಕೆಲವು ವಾರ ಕಳೆಯುವಷ್ಟರಲ್ಲಿ ಎಂಜಿನ್ ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ನೀರು ಸೇರಿದೆ ಎಂದು ಕೋದಂಡಪ್ಪನಿಗೆ ನೋಡಿದೊಡನೆ ಗೊತ್ತಾಯಿತು. ಎಲ್ಲಿಂದ ಎಂಬುದೂ ಗೊತ್ತಾಯಿತು, ಪೈಪಿನೊಳಗೆ ಕೆರೆಯ ಪಾಚಿ ಅಂಟಿತ್ತು. ಅವನು ಅದನ್ನು ಬೆರಳಿಂದ ಒರೆಸಿ ಹಾಕಿದ.

“ಮಾವ, ಪೈಪ್ನಾಗಿಂದ ನೀರ್ ಬತ್ತಾ ಐತಾ?” ಎಂದು ಮುನೀಂದ್ರ ಕೇಳಿದ.

“ಮಳೆನೀರು ಬಿದ್ದೈತೆ, ಅಷ್ಟೆ. ಆಯಿಲ್ ಬದಲಾಯ್ಸಿದ್ರೆ ಸರಿಯೋಗ್ತದೆ.”

“ಮಧ್ಯದಾಗೆ ಸ್ಟಾರ್ಟ್ ಆಗ್ದಿದ್ರೆ?”

“ಆಂಡಲ್ ಬಿಡಬ್ಯಾಡ, ತಿರುಗಿಸ್ತಾನೇ ಇರು. ಇಡ್ಕೊಂತದೆ.”

ಪೈಪು ಮೇಲಕ್ಕೆತ್ತಿದರೆ ಹೊಗೆ ಮತ್ತೆ ಅಳಿಯನ ಎದೆಗಿಳಿಯುತ್ತದೆಂಬ ಭಯ ಅವನಿಗೆ. ಸುಳ್ಳೇಕೆ, ಶಹಬ್ಬಾಸ್ ಎಂದವರ ಎದುರಿಗೇ ಅದನ್ನು ಬಿಚ್ಚಬೇಕಲ್ಲ ಎಂಬ ನಾಚಿಕೆಯೂ ಇತ್ತು.

ಒಂದು ಮಧ್ಯಾಹ್ನ ಬಲೆ ತುಂಬಿತ್ತು. ಕೆರೆಯ ನಡುವೆ ಎಂಜಿನ್ ನಿಲ್ಲಿಸಿ ಮುನೀಂದ್ರನೂ ಮುನಿರಾಜನೂ ಬಲೆ ಎಳೆದುಕೊಳ್ಳುತ್ತಿದ್ದಾಗ ಗಾಳಿ ಎದ್ದಿತು. ಮುನೀಂದ್ರ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿದ, ಅಲ್ಲಾಡಲಿಲ್ಲ. ಒಳಗೆ ನೀರು ತುಂಬಿದ ಎಂಜಿನ್ ಆನೆ ಬಂದರೂ ತಿರುಗುವುದಿಲ್ಲ. ಹುಟ್ಟು ಹಾಕೋಣ ಬಾರೋ ಎಂದು ಮುನಿರಾಜ್ ಕೂಗಿಕೊಂಡ. ಮುನೀಂದ್ರ ಹ್ಯಾಂಡಲ್ ಬಿಡಲೊಲ್ಲ. ಬಿಡಬೇಡ ಎಂದು ಮಾವ ಹೇಳಿದ್ದನಲ್ಲ. ದೋಣಿ ಅಲೆಗೆ ಅಡ್ಡ ತಿರುಗಿತು, ನೀರು ನುಗ್ಗಿತು, ಮಗುಚಿತು. ಕೆರೆಯಂಚಿನ ಊರಿನ ಮುನಿರಾಜ್ ಈಜಿ ದಡ ಸೇರಿದ. ಗಣಿ ಲೈನಿನಲ್ಲಿ ಬೆಳೆದವನಿಗೆ ಎಲ್ಲಿಂದ ಬರಬೇಕು ಈಜು? ಮುನೀಂದ್ರ ಮರುದಿನ ಬಲೆಯೊಳಗೆ ಸಿಕ್ಕ. ಇದನ್ನೆಲ್ಲ ಮುನಿರಾಜನೇ ಬಂದು ಕೋದಂಡಪ್ಪನಿಗೆ ಹೇಳಿದ, ಹ್ಯಾಂಡಲಿನ ಮಾತನ್ನೂ ಬಿಡದೆ.

ತಿಥಿ ಮುಗಿದ ಮೇಲೆ, ಕೆರೆಯಿಂದ ಎತ್ತಿದ ಎಂಜಿನ್ ಆಂಡರ್ಸನ್‌ಪೇಟೆಯ ಶೆಡ್ಡಿಗೆ ಬಂತು. ಕೋದಂಡಪ್ಪನೇ ತರಿಸಿದ್ದು. ಹೆಡ್ ಬಿಚ್ಚಿದರೆ ಒಳಗಿಂದ ಕೆರೆಯ ನೀರೇ ಬಂತು. ಅವನು ಅದನ್ನು ಬಸಿದು ಚೆಲ್ಲಿದ. ಆಮೇಲೆ ಎದ್ದು ಹೊಸ ಪೈಪು ತೆಗೆದುಕೊಂಡ.

ವನಿತಾ ಬುತ್ತಿ ತಂದಾಗ ಅವನು ಪೈಪಿನ ಬಾಯಿಗೆ ಮುಚ್ಚಳದ ಹಾಗೆ ಟೈರಿನ ರಬ್ಬರ್ ತುಂಡು ಬಿಗಿಯುತ್ತಿದ್ದ. ಮಗಳ ಮುಖ ನೋಡಲಾರದೆ ಪೈಪಿನ ಮೇಲೆಯೇ ಕಣ್ಣಿಟ್ಟು ಹೇಳತೊಡಗಿದ.

“ಇಲ್ಲಿಂದ ಮೇಲಕ್ಕೆ ಏರಿಸಿ, ಇಂಗೆ ಬಗ್ಗಿಸಿ ಇಂದಕ್ಕೆ ಇಳ್ಸಿದ್ರೆ, ನೀರು ಅಷ್ಟೆತ್ತರ ಅತ್ತಕ್ಕಾಗಲ್ಲ. ಒಗೆ ಬಂದ್ರೆ ಈ ರಬ್ಬರು ತೆರ್ಕೊಂತದೆ. ಇಂಜಿನ್ನು ನಿಂತ್ರೆ ಮುಚ್ಕೊಂತದೆ.”

“ಒಗೆ ಮಕಕ್ಕೆ ಬರಲ್ವಾ?”

“ಬರಲ್ಲಮ್ಮ. ಇಂದಕ್ಕೇ ಓಗ್ತದೆ.”

ವನಿತಾ ಬುತ್ತಿ ಕೆಳಗಿಟ್ಟಳು. “ಇದನ್ನ ಮಾಡಕ್ಕೆ ಎಷ್ಟೊತ್ತು ಇಡೀತಪ್ಪ?”

“ಬೆಳಿಗ್ಗೆ ಕೂತೆ, ಈಗ ಮುಗೀತಾ ಬಂತು.”

“ಅಷ್ಟೇನಾ?”

“ಅಷ್ಟೇ,” ಎಂದ ಕೋದಂಡಪ್ಪ.