ತಲೀತಾ ಅತ್ತೆ ತೋಡಿಸಿದ ಗೋರಿ

ನಮ್ಮತ್ತೆ ತಲೀತಾ ಕಿವಿ ಕೊಯ್ದರೆ ಹಂದಿಮರಿ ಕಿರುಚುವುದೇ ಇಲ್ಲ ಎಂದು ಬಕ್‌ಹಾರ್ನ್ ಹಳ್ಳದವರು ಹೇಳುತ್ತಿದ್ದರು. ಅದು ಸುಳ್ಳು. ಚೆನ್ನಾಗಿಯೇ ಕಿರುಚುತ್ತಿದ್ದವು. ಮರಿಗಳನ್ನು ತೊಡೆಯ ನಡುವೆ ಅದುಮಿ ಹಿಡಿದುಕೊಡುತ್ತಿದ್ದವಳು ನಾನು, ನನಗೆ ಗೊತ್ತು. ಅತ್ತೆಯ ಕೈ ನಡುಗುತ್ತಿರಲಿಲ್ಲ, ಅಷ್ಟು ನಿಜ. ಎಡಗಿವಿಯ ತುದಿಯಲ್ಲಿ ಹಕ್ಕಿಯ ಕವಲು ಬಾಲದ ಹಾಗೆ ಒಂದು ಸೀಳು, ಬಲಗಿವಿಯ ಕೆಳ ಅಂಚಿನಲ್ಲಿ ಉಗುರಿನಷ್ಟು ಒಂದು ಕಚ್ಚು. ಲೆಡ್‌ಬೆಟರ್ ಮನೆತನದ ಗುರುತು ಅದು. ಬೇಲಿ ಇಲ್ಲದ ಕಾಡಿಗೆ ಎಲ್ಲರ ಹಂದಿಗಳನ್ನೂ ಬಿಡುತ್ತಿದ್ದ ಕಾಲ. ಚಳಿಗಾಲದಲ್ಲಿ ಕಡಿಯಲು ಹಿಡಿದು ತರುವಾಗ ಕಿವಿ ನೋಡಿಯೇ ಯಾರದೆಂದು ಹೇಳಬೇಕು. ಒಂದು ಮನೆಯ ಗುರುತನ್ನು ಇನ್ನೊಂದು ಮನೆಯವರು ಹಾಕುವಂತಿಲ್ಲ. ಅಪ್ಪನಿಂದ ಮಗನಿಗೆ ಬರುವ ಆಸ್ತಿ ಅದು. ಅತ್ತೆಗೆ ಅಣ್ಣತಮ್ಮಂದಿರಿಲ್ಲದ್ದರಿಂದ ಅವಳಿಗೆ ಬಂತು. ನಮ್ಮ ಮಾವ ಆ ಮನೆಗೆ ಮನೆಯಳಿಯನಾಗಿ ಬಂದು, ನನ್ನ ಗಂಡ ಹೋಬರ್ಟ್ ಇನ್ನೂ ತೊಟ್ಟಿಲಲ್ಲಿರುವಾಗ ಮರ ಮೈಮೇಲೆ ಬಿದ್ದು ಸತ್ತವನು. ಊರಿನವರ ಬಾಯಲ್ಲಿ ಅವಳು ಕೊನೆಯವರೆಗೂ ಲೆಡ್‌ಬೆಟರ್ ತಲೀತಾಳೇ.

ಗುರುತಿನ ಜೊತೆಗೆ ಅವಳಿಗೆ ಬಂದ ಇನ್ನೊಂದು ಆಸ್ತಿಯೆಂದರೆ ರಕ್ಕರ್ ಮನೆಯವರ ಮೇಲಿನ ಹಗೆ.

ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ನಡೆದಾಗ ಅವಳ ಅಜ್ಜ ಎಲ್ಕಾನಾ ದಕ್ಷಿಣದ ಪಡೆಗೆ ಸೇರಲು ಒಪ್ಪದೆ ಗುಡ್ಡದಲ್ಲಿ ಅಡಗಿದ್ದನಂತೆ. ಒಂದು ಸಂಜೆ ಊಟಕ್ಕೆಂದು ಇಳಿದು ಬಂದವನನ್ನು ಒರತೆಯ ಹತ್ತಿರ ಹಳ್ಳದಾಚೆಯ ರಕ್ಕರ್ ಗುಂಡಿಟ್ಟು ಕೊಂದನಂತೆ. ಊರಿನ ಗಂಡಸರಲ್ಲಿ ಅರ್ಧ ಜನ ಯುದ್ಧದಲ್ಲಿ, ಅರ್ಧ ಜನ ಕಾಡಿನಲ್ಲಿ. ಅಜ್ಜಿ ಮಹಾಲಾ ಹೆಣವನ್ನು ಜೋಳ ಸಾಗಿಸುವ ಜಾರುಬಂಡಿಯ ಮೇಲೆ ಒಬ್ಬಳೇ ಎಳೆದು ತಂದು, ಮನೆಯ ಹಿಂದಿನ ದಿಬ್ಬದಲ್ಲಿ ತಾನೇ ತೋಡಿ, ತಾನೇ ಮಣ್ಣು ಮಾಡಿ, ಹಳ್ಳದ ಕಲ್ಲೊಂದಕ್ಕೆ ಅವನ ಹೆಸರಿನ ಎರಡಕ್ಷರ ಕೆತ್ತಿ ನೆಟ್ಟಳಂತೆ. ಕಂಡವರು ಯಾರೂ ಇಲ್ಲ. ಕೇಳಿದವರು ಬಹಳ.

ಎಲ್ಲರಿಗಿಂತ ಹೆಚ್ಚಾಗಿ ಕೇಳಿದವನು ಅವಳ ಮಗ ಲೈಜಾ, ನಮ್ಮತ್ತೆಯ ಅಪ್ಪ. ಆ ಕಥೆಯನ್ನು ಹಾಲಿನ ಜೊತೆ ಕುಡಿದು ಬೆಳೆದವನು, ಮದುವೆಯಾಗಿ ಮಗಳೂ ಹುಟ್ಟಿದ ಮೇಲೆ, ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಆ ರಕ್ಕರ್‌ನನ್ನು ಎಲ್ಲರೆದುರು ಗುಂಡಿಟ್ಟು ಕೊಂದುಬಿಟ್ಟ. ರಕ್ಕರ್‌ನ ಚಿಕ್ಕ ಮಗ ಜೆಪ್ತಾ ಹಿಟ್ಟಿನ ಚೀಲದ ಮೇಲೆ ಕೂತು ನೋಡುತ್ತಿದ್ದ. ಲೈಜಾನನ್ನು ಸೆರೆಗೆ ಹಾಕಿ, ಅಲ್ಲಿಂದ ಕಲ್ಲಿದ್ದಲ ಗಣಿಗೆ ದುಡಿಯಲು ಇಳಿಸಿದರು. ಅಲ್ಲೇ ಸತ್ತ. ಎಲ್ಲಿ ಹೂಳಿದರೆಂದು ಹೇಳುವವರಿಲ್ಲ. ತಾಯಿಯೂ ಇಲ್ಲದ ಅತ್ತೆಯನ್ನು ಮಹಾಲಾ ಅಜ್ಜಿಯೇ ಸಾಕಿದಳು. ಸಾಕುತ್ತ ಅದೇ ಕಥೆಯನ್ನು ಮತ್ತೆ ಹೇಳಿದಳು.

ನಾನು ಸೊಸೆಯಾಗಿ ಬಂದಾಗ ಚರ್ಚಿನಲ್ಲಿ ನಾವು ಚಳಿ ಕಾಯಿಸುವ ಒಲೆಯ ಕಡೆ, ರಕ್ಕರ್‌ಗಳು ಕಿಟಕಿಯ ಕಡೆ. ಅತ್ತೆಯೂ ಜೆಪ್ತಾನೂ ಒಂದೇ ಹಳ್ಳದ ನೀರು ಕುಡಿದು ಮುದುಕರಾಗುತ್ತ ಬಂದಿದ್ದರು, ಒಂದು ಮಾತಾಡಿದವರಲ್ಲ. ಪ್ರತಿ ಮೇ ತಿಂಗಳು ಸತ್ತವರಿಗೆ ಹೂವಿಡುವ ಭಾನುವಾರ ಅತ್ತೆ ಎಲ್ಕಾನಾನ ಗೋರಿಯ ಕಳೆ ಕಿತ್ತು, ಮಣ್ಣು ಏರಿಸಿ, ಬಿಳಿ ಮರಳು ಹರಡುತ್ತಿದ್ದಳು. ಅಪ್ಪನಿಗೆ ಗೋರಿ ಇಲ್ಲವಲ್ಲ, ಎರಡೂ ಪಾಲು ಅಲ್ಲಿಗೇ ಸಲ್ಲುತ್ತಿತ್ತು.

ಆಮೇಲೆ ಅಣೆಕಟ್ಟಿನ ಸುದ್ದಿ ಬಂತು. ಹಳ್ಳ, ಹೊಲ, ಚರ್ಚು, ದಿಬ್ಬ ಎಲ್ಲ ಮುಳುಗುತ್ತದೆ ಎಂದರು. ಅದನ್ನು ಕೇಳಿಯೇ ದೂರದ ಕ್ಯಾನ್ಸಸ್‌ನಿಂದ ಒಬ್ಬ ಬಂದದ್ದು. ಧೂಳು ಮೆತ್ತಿದ ಕಾರು, ನಲವತ್ತರ ಆಸುಪಾಸಿನ ಮನುಷ್ಯ, ಬಾಗಿಲಲ್ಲೇ ಟೋಪಿ ತೆಗೆದ.

"ನಾನೂ ಲೆಡ್‌ಬೆಟರ್ ಅಮ್ಮ. ಡೆಲ್ಬರ್ಟ್ ಅಂತ. ನಮ್ಮಜ್ಜ ಈ ಹಳ್ಳದವರು. ನಮ್ಮ ಮೂಲ ಹುಡುಕ್ತಾ ಬಂದೆ. ನೀರು ಬಂದ್ರೆ ಆಮೇಲೆ ಏನೂ ಸಿಗಲ್ಲ ಅಂತ."

ಲೆಡ್‌ಬೆಟರ್ ಎಂದ ಮೇಲೆ ಅತ್ತೆ ಬಿಡುತ್ತಾಳೆಯೇ? ಬೀನ್ಸ್ ಕಾಳು, ಉಪ್ಪು ಹಚ್ಚಿದ ಹಂದಿಮಾಂಸ, ಮುಸುಕಿನಜೋಳದ ರೊಟ್ಟಿ, ಮಜ್ಜಿಗೆ ಎಲ್ಲ ಮುಂದಿಟ್ಟಳು. ಅವನು ತಿನ್ನುತ್ತಿದ್ದ. ಇವಳು ಅದೇ ಮೇಜಿನ ಆ ತುದಿಯಲ್ಲಿ ಹಿಟ್ಟು ಹರಡಿಕೊಂಡು ನಾದುತ್ತಿದ್ದಳು.

"ನಿಮ್ಮಜ್ಜನ್ ಹೆಸ್ರೇನಪ್ಪ?"

"ಎಲ್ಕಾನಾ."

"ಎಲ್ಕಾನಾ ಲೆಡ್‌ಬೆಟರ್ ಆ ದಿಬ್ಬದ್ ಮ್ಯಾಲ್ ಮಲಗವ್ನೆ. ನಾನ್ ಹುಟ್ಟೋಕ್ ಮುಂಚಿಂದ್ಲೂ ಅಲ್ಲೇ ಅವ್ನೆ."

"ಕಲ್ಲು ನೋಡಿಕೊಂಡೇ ಬಂದೆ ಅಮ್ಮ. ಆದ್ರೆ ನಮ್ಮಜ್ಜ ಪ್ರಾಣ ಬಿಟ್ಟಾಗ ನಾನು ಅವರ ಮಂಚದ ಪಕ್ಕದಲ್ಲೇ ಇದ್ದೆ. ಯುದ್ಧದ ಹೊತ್ತಲ್ಲಿ ಈ ಕಡೆಯಿಂದ ಓಡಿಬಂದ್ರಂತೆ. ಅಲ್ಲಿ ಮದುವೆ ಆದ್ರು, ಆರು ಮಕ್ಕಳು."

"ಹಂಗಾರೆ ಅವ್ನ್ ಬ್ಯಾರೆ ಎಲ್ಕಾನಾ."

"ಇರಬಹುದು. ನಾನೂ ಹಾಗೇ ಅಂದ್ಕೊಂಡೆ. ಆದ್ರೆ ನಿಮ್ಮ ಗೂಡಿನ ಹಂದಿ ನೋಡಿದೆ." ಅವನು ಕೈ ಚಾಚಿ ಮೇಜಿನ ಮೇಲಿದ್ದ ಹಿಟ್ಟಿನಲ್ಲಿ ಬೆರಳಿಂದ ಎರಡು ಕಿವಿ ಬರೆದ. ಎಡಕ್ಕೆ ಕವಲು ಸೀಳು. ಬಲಕ್ಕೆ ಕೆಳಗೊಂದು ಕಚ್ಚು. "ಅಜ್ಜ ಕೊಯ್ಯೋವಾಗ ಮರಿ ಹಿಡಿದುಕೊಡ್ತಿದ್ದವನು ನಾನು. ನಮ್ಮ ಕಡೆ ಎಲ್ಲರಿಗೂ ಬೇಲಿ ಇದೆ, ಯಾರೂ ಕಿವಿ ಕೊಯ್ಯಲ್ಲ. ಜನ ನಗ್ತಿದ್ರು. ಇವರು ಮಾತ್ರ ಬಿಡಲಿಲ್ಲ."

ನಾದುತ್ತಿದ್ದ ಕೈ ನಿಂತಿತು. ಹೋಬರ್ಟ್ ಹಗುರ ಮಾಡಲು ನೋಡಿದ. "ನಮ್ ಹಂದಿನೇ ಒಂದ್ ಕ್ಯಾನ್ಸಸ್‌ಗೆ ಓಡೋಗಿರ್ಬೇಕು ಬಿಡವ್ವ."

ಅತ್ತೆ ಅವನ ಕಡೆ ನೋಡಲೂ ಇಲ್ಲ. ಅಂಗೈಯಿಂದ ಎರಡೂ ಕಿವಿಗಳನ್ನು ಅಳಿಸಿದಳು. "ಉಂಡಾಯ್ತಲ್ಲಪ್ಪ. ಕತ್ಲಾಗಕ್ ಮುಂಚೆ ಹೊಳೆ ದಾಟ್ಕೊ."

ಹೋದ ಪಾಪ. ಹೋಗುವಾಗಲೂ ಟೋಪಿ ಎದೆಗೆ ಒತ್ತಿಕೊಂಡಿದ್ದ.

ಚಳಿ ಇಳಿಯುವ ಹೊತ್ತಿಗೆ ಅಣೆಕಟ್ಟಿನವರು ಗೋರಿ ಎತ್ತಲು ಶುರುಮಾಡಿದರು. ಹತ್ತಿರದ ನೆಂಟರು ಬೇಕೆಂದರೆ ಎತ್ತಿ ಮೇಲಿನ ಗುಡ್ಡದ ಹೊಸ ಜಾಗಕ್ಕೆ ಸಾಗಿಸುತ್ತಾರೆ, ಬೇಡವೆಂದರೆ ಹಾಗೇ ನೀರಿಗೆ ಬಿಡುತ್ತಾರೆ. ಬಿಡುವವರೂ ಇದ್ದರು. ಹೋಬರ್ಟ್ ಅದನ್ನೇ ಹಿಡಿದುಕೊಂಡ.

"ಅಜ್ಜಿನ ಎತ್ಸು, ತಾತನ್ನ ಬಿಟ್ಬಿಡು. ನೀರ್ ಬಂದ್ ಮ್ಯಾಲೆ ಯಾವನ್ ಬಂದ್ ಕೇಳ್ತಾನೆ?"

"ಅದೇ ಕಣ್ಲಾ. ನೀರ್ ಬಂದ್ ಮ್ಯಾಲೆ ನಾನ್ ಯಾರ್ನ ಕೇಳ್ಲಿ?"

"ಕೇಳಿ ಏನಾಗ್ಬೇಕೈತೆ ಈಗ?"

ಅತ್ತೆ ಬೆಂಕಿ ಕೆದಕಿದಳು. "ಅವ್ನ್ ಅಲ್ಲಿದ್ರೆ ನಮ್ಮಪ್ಪ ತನ್ನಪ್ಪನ್ನ ಕೊಂದೋನ್ನ ಕೊಂದ. ಅವ್ನ್ ಅಲ್ಲಿಲ್ದಿದ್ರೆ, ಹಿಟ್ಟಿಗ್ ಬಂದಿದ್ದ ಒಬ್ಬ ಮನ್ಸನ್ನ ಕೊಂದ. ಅಷ್ಟೇ ಕಣ್ ಮಗಾ ನನಗ್ ಬೇಕಾಗಿರೋದು."

ನಮ್ಮ ಸರದಿ ಬಂದ ದಿನ ಅತ್ತೆ ಮೂಳೆ ಸುತ್ತಲೆಂದು ಒಗೆದು ಮಡಿಸಿದ ಬಿಳಿ ಹೊದಿಕೆ ಹಿಡಿದು ದಿಬ್ಬ ಹತ್ತಿದಳು. ಹಿಂದೆ ನಾನು, ಹೋಬರ್ಟ್. ತಮ್ಮವರ ಸರದಿ ಕಾಯುತ್ತ ಅಕ್ಕಪಕ್ಕದ ಮನೆಗಳವರೂ ಬಂದಿದ್ದರು. ಗುದ್ದಲಿ ಹಿಡಿದು ನಿಂತವನು ಜೆಪ್ತಾ ರಕ್ಕರ್. ಆ ವರ್ಷಗಳಲ್ಲಿ ಕೂಲಿ ಸಿಗುವುದೇ ಕಷ್ಟ, ಅಣೆಕಟ್ಟಿನವರು ಹಳ್ಳದ ಗಂಡಸರನ್ನೇ ತೋಡಲು ಇಟ್ಟುಕೊಂಡಿದ್ದರು. ಮೇಲ್ವಿಚಾರಕ ಇದನ್ನೆಲ್ಲ ಏನು ಬಲ್ಲ? "ಇವರು ಅನುಭವಸ್ಥರು ತಾಯಿ, ಜೋಪಾನವಾಗಿ ತೆಗೀತಾರೆ" ಎಂದ.

"ಗೊತ್ತು ನಂಗೆ ಇವ್ನ್ಯಾರು ಅಂತ" ಎಂದಳು ಅತ್ತೆ.

ನಮ್ಮ ಕಡೆಯ ಮಣ್ಣು ಹೇಗೆಂದರೆ, ಮೇಲೆ ಗೇಣುದ್ದ ಕಪ್ಪು, ಕೆಳಗೆಲ್ಲ ಹಳದಿ ಜೇಡಿ. ಒಮ್ಮೆ ತೋಡಿ ಮುಚ್ಚಿದರೆ ಕಪ್ಪು ಹಳದಿ ಕಲಸಿಹೋಗುತ್ತದೆ, ಎಷ್ಟು ಕಾಲವಾದರೂ ಬೇರೆಯಾಗುವುದಿಲ್ಲ. ಮೂಳೆ ಕರಗಬಹುದು, ಹಲಗೆ ಕರಗಬಹುದು, ಮಣ್ಣಿನ ಕಲೆ ಉಳಿಯುತ್ತದೆ. ಹಿಂದಿನ ದಿನಗಳಲ್ಲಿ ಎತ್ತಿದ ಗೋರಿಗಳಲ್ಲಿ ಎಷ್ಟೋ ಕಡೆ ಸಿಕ್ಕಿದ್ದು ಎರಡು ಮೊಳೆ, ಒಂದು ಗುಂಡಿ, ಆಳುದ್ದದ ಕಪ್ಪು ನೆರಳು, ಅಷ್ಟೇ. ಆ ನೆರಳನ್ನೇ ಗುದ್ದಲಿಯಲ್ಲಿ ತೆಗೆದು ಪೆಟ್ಟಿಗೆಗೆ ಹಾಕಿ ಹೆಸರು ಬರೆಯುತ್ತಿದ್ದರು. ಚಿಕ್ಕ ಮಕ್ಕಳಿಗೂ ಅದು ಗೊತ್ತಿತ್ತು.

ಜೆಪ್ತಾ ಕಲ್ಲನ್ನು ಮೆಲ್ಲಗೆ ಒರಗಿಸಿಟ್ಟು ತೋಡಿದ. ಕಪ್ಪು ಮುಗಿಯಿತು. ಹಳದಿ ಬಂತು. ಬೆಣ್ಣೆ ಕೊಯ್ದ ಹಾಗೆ ಬಂತು, ಒಂದು ಕಲೆಯಿಲ್ಲದೆ. ಮೊಣಕಾಲಾಳ. ಸೊಂಟದಾಳ. ಅವನು ಗುದ್ದಲಿ ಊರಿ ನಿಂತ. ಯಾರ ಮುಖವನ್ನೂ ನೋಡದೆ ಹೇಳಿದ.

"ಇದು ಯಾವತ್ತೂ ತೋಡಿದ್ ನೆಲ ಅಲ್ಲ."

"ಇನ್ನೂ ತೋಡು."

ತೋಡಿದ. ಗುದ್ದಲಿ ಠಣ್ ಎಂದಿತು. "ಬಂಡೆ ಬಂತು. ಇದರ್ ಕೆಳಗ್ ಹೂಳ್ಬೇಕಾದ್ರೆ ಮದ್ದಿಟ್ಟೇ ಹೂಳ್ಬೇಕು."

ಅತ್ತೆ ಗುಂಡಿಯ ಅಂಚಿನವರೆಗೂ ಹೋಗಿ ಬಗ್ಗಿ ನೋಡಿದಳು. ಅವಳು ಬಿದ್ದಾಳೆಂದು ನಾನು ಅವಳ ಶಾಲು ಹಿಡಿದುಕೊಂಡಿದ್ದೆ. ಮಗುವಾಗಿದ್ದಾಗಿನಿಂದ ಕಳೆ ಕಿತ್ತ ಜಾಗ ಅದು. ಅವಳು ನೆಟ್ಟಗಾದಳು. ಅಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ರಕ್ಕರ್ ನಮ್ ತಾತನ್ನ ಕೊಂದಿಲ್ಲ. ನಮ್ಮಪ್ಪ ಕೊಂದಿದ್ದು ಏನೂ ಮಾಡ್ದಿರೋನ್ನ. ಎಲ್ರೂ ಕೇಳಿಸ್ಕೊಂಡ್ರಾ?"

ಜೆಪ್ತಾ ಗುಂಡಿಯೊಳಗಿಂದಲೇ ತಲೆಯೆತ್ತಿದ. ಮುಖದ ತುಂಬ ಹಳದಿ ಮಣ್ಣು.

"ನಮ್ಮವ್ವ ಕೇಳ್ಬೇಕಿತ್ತು ಈ ಮಾತ. ಕೊಲೆಗಾರನ್ ಹೆಂಡ್ತಿ ಅಂತ ಅನ್ನಿಸ್ಕೊಂಡೇ ಸತ್ಲು. ಹೋದ್ ವಾರ ನಾನೇ ತೋಡಿ ಎತ್ದೆ ಅವಳ್ನ." ಅವನು ಗುದ್ದಲಿ ಮೇಲೆಸೆದು ಹತ್ತಿ ಬಂದ. ಪಕ್ಕದ ಗೋರಿಯನ್ನು ಗದ್ದದಿಂದಲೇ ತೋರಿಸಿದ. "ಇವಳ್ನ ತೆಗೀಲೋ, ಬಿಡ್ಲೋ?"

ಅದು ಮಹಾಲಾ ಅಜ್ಜಿಯ ಗೋರಿ. ಹೋಬರ್ಟ್ "ಬಿಡವ್ವ" ಎಂದು ಗೊಣಗಿದ. ನನಗೂ ಬಿಡುತ್ತಾಳೆಂದೇ ಅನ್ನಿಸಿತ್ತು.

"ತೆಗಿ" ಎಂದಳು ಅತ್ತೆ. "ಅವಳತ್ರ ನಂಗೆ ಮಾತೈತೆ."

ಅಜ್ಜಿ ಇದ್ದಳು. ತಲೆಬುರುಡೆ, ತೊಡೆಯ ಮೂಳೆ, ಬಾಚಣಿಗೆ ಎಲ್ಲ ಇತ್ತು. ಎಲ್ಕಾನಾನಿಗೆಂದು ತಂದ ಹೊದಿಕೆಯನ್ನು ಅವಳಿಗೆ ಸುತ್ತಿದೆವು. ಗಂಡ ಬಿಟ್ಟು ಓಡಿಹೋದನೆಂದು ಹೇಳಿಕೊಳ್ಳಲಾರದೆ ಅವಳು ಆ ಕಲ್ಲು ನೆಟ್ಟಳೋ, ಮಗನಿಗೆ ಅಪ್ಪನೆಂಬುವನು ಒಬ್ಬ ಇರಲಿ ಎಂದು ನೆಟ್ಟಳೋ, ಅಂತೂ ನೆಟ್ಟಳು. ಮಗ ಬಂದೂಕು ಎತ್ತಿಕೊಂಡು ಗಿರಣಿಗೆ ಹೊರಟಾಗ ಬಾಗಿಲಲ್ಲಿ ನಿಂತು ನೋಡಿದಳಂತೆ. ಆಗಲಾದರೂ ಬಾಯಿ ಬಿಡಬಹುದಿತ್ತು.

ಎಲ್ಕಾನಾನ ಆ ಕಲ್ಲನ್ನು ಅತ್ತೆ ಬಂಡಿಗೆ ಹೇರಿಸಿದಳು. ಹೊಸ ಊರಿನ ಮನೆಯಲ್ಲಿ ಹಂದಿಗೂಡಿನ ಬಾಗಿಲು ತೆರೆದುಕೊಳ್ಳದಂತೆ ಒತ್ತಿಡುವ ಕಲ್ಲು ಅದೇ ಆಯಿತು. ಮುಂದಿನ ವರ್ಷ ಡೆಲ್ಬರ್ಟ್ ಮತ್ತೆ ಬಂದ. ಅತ್ತೆ ಈ ಸಲವೂ ಊಟಕ್ಕಿಟ್ಟಳು, ತಮ್ಮಾ ಎಂದು ಕರೆದಳು, ಆಮೇಲೆ ಗೂಡಿನ ಹತ್ತಿರ ಕರೆದೊಯ್ದಳು. "ನಿಮ್ ತಾತನ್ ಕಲ್ಲು. ಆರ್ ಮಕ್ಳವ್ರೆ ಅಂದ್ಯಲ್ಲ, ಹೊತ್ಕೊಂಡ್ ಹೋಗು." ಅವನು ಹೊತ್ತುಕೊಂಡೇ ಹೋದ.

ಆ ವಸಂತದಲ್ಲಿ ಮರಿ ಬಂದಾಗ ಹೋಬರ್ಟ್ ಚಾಕು ಮಸೆದ. ಅತ್ತೆ ಅದನ್ನು ಕಿತ್ತುಕೊಂಡು ಆಲೂಗಡ್ಡೆ ಹೆಚ್ಚಲು ಕೂತಳು. ನಮ್ಮ ಹಂದಿಗಳಿಗೆ ಆಮೇಲೆ ಎರಡೂ ಕಿವಿ ಪೂರ್ತಿ.

ಹೂವಿಡುವ ಭಾನುವಾರ ಅವಳು ತೋಟದ ಪಿಯೋನಿ ಹೂಗಳನ್ನೆಲ್ಲ ಕೊಯ್ದು ಗಿರಣಿಯಲ್ಲಿ ಸತ್ತ ರಕ್ಕರ್‌ನ ಗೋರಿಗೆ ಇಟ್ಟು ಬರುತ್ತಿದ್ದಳು. ರಕ್ಕರ್ ಹೆಂಗಸರು ಅದನ್ನು ಎತ್ತಿ ಬೇಲಿಯಾಚೆ ಎಸೆಯುತ್ತಿದ್ದರು. ಅವಳು ನೋಡುವಾಗಲೇ ಎಸೆಯುತ್ತಿದ್ದರು. ಮರುವರ್ಷ ಮತ್ತೆ ಇಡುತ್ತಿದ್ದಳು, ಮತ್ತೆ ಎಸೆಯುತ್ತಿದ್ದರು. ಮಹಾಲಾ ಅಜ್ಜಿಗೆ ಹೂವಿಡುತ್ತಿರಲಿಲ್ಲ. ಅಲ್ಲಿ ಒಂದು ಮೋಟು ಪೀಠ ಹಾಕಿಕೊಂಡು ಮಧ್ಯಾಹ್ನವೆಲ್ಲ ಕೂರುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋದರೆ ಸುಮ್ಮನಾಗುತ್ತಿದ್ದಳು.

ಹೊಸ ಸ್ಮಶಾನದಲ್ಲಿ ಅಜ್ಜಿಯ ಪಕ್ಕ ಎಲ್ಕಾನಾನಿಗೆಂದು ಗುರುತು ಹಾಕಿದ ಜಾಗ ಖಾಲಿ ಉಳಿದಿತ್ತು. ಎದೆಗೆ ಕಫ ಕಟ್ಟಿ ಮಲಗಿದ ಮೇಲೆ ಅತ್ತೆ ನನ್ನನ್ನು ಕರೆದಳು. "ಮಿಂಡಿ, ನನ್ನ ಅಲ್ಲೇ ಹಾಕಿ. ಅವಳ್ ಪಕ್ಕ ಖಾಲಿ ಬಿಡ್ಬ್ಯಾಡಿ. ಖಾಲಿ ಬಿಟ್ರೆ ಇನ್ನೊಂದ್ ಕತೆ ಕಟ್ತಾಳೆ."

ಅಲ್ಲೇ ಹಾಕಿದೆವು. ಜೆಪ್ತಾ ಬಂದಿದ್ದ. ಬೇಲಿಯ ಆಚೆಗೇ ನಿಂತ, ಟೋಪಿ ತೆಗೆಯಲಿಲ್ಲ. ಪೆಟ್ಟಿಗೆ ಇಳಿಸಿ, ಮಣ್ಣು ಪೂರ್ತಿ ಮುಚ್ಚುವವರೆಗೂ ನಿಂತಿದ್ದು ಹೋದ. ಈ ಸಲ ಗೋರಿಯೊಳಗೆ ನಿಜಕ್ಕೂ ಒಬ್ಬರು ಇಳಿದದ್ದನ್ನು ಕಣ್ಣಾರೆ ನೋಡಿಕೊಂಡು ಹೋಗಲು ಬಂದಿದ್ದ ಎಂದು ಹೋಬರ್ಟ್ ಅಂದ.