ಓನರ್ ಆಂಟಿಯ ಇಂಗ್ಲಿಷ್ ಪಾಠ

ಅರೆಕೆರೆಯಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿರುವ ನಾರಾಯಣಮ್ಮನವರಿಗೆ ಎದುರು ಮಾತಾಡುವವರಿಲ್ಲ, ಗಂಡ ಗಂಗಾಧರಯ್ಯನವರೊಬ್ಬರನ್ನು ಬಿಟ್ಟು. ಮನೆಗೆ ಯಾರೇ ಬರಲಿ, ಅವರು ಕಾಫಿ ಲೋಟ ಕೆಳಗಿಡುವ ಮೊದಲೇ ಗಂಗಾಧರಯ್ಯನವರು, "ನಮ್ಮೋಳು ಎಸ್ಸೆಸ್ಸೆಲ್ಸಿ ಫೇಲು" ಎಂದು ನಗುತ್ತಾರೆ. ಮದುವೆಗೆ ಮುಂಚೆ ಬರೆದ ಪರೀಕ್ಷೆಯಲ್ಲಿ ಹೋಗಿದ್ದು ಇಂಗ್ಲಿಷ್ ಒಂದೇ. ಆ ನಗು ಕೇಳಿದರೆ ನಾರಾಯಣಮ್ಮನವರಿಗೆ ಮೈಯೆಲ್ಲ ಉರಿಯುತ್ತಿತ್ತು. ಐವತ್ತು ದಾಟಿದ ಮೇಲೆ, ಆ ಫೇಲು ಅಳಿಸಿಯೇ ಸಿದ್ಧ ಎಂದು ಹಟ ಹಿಡಿದು ಮತ್ತೆ ಪರೀಕ್ಷೆಗೆ ಕಟ್ಟಿದರು.

ಪಾಠ ಹೇಳಲು ಸಿಕ್ಕವಳು ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಶಾಂತಲಾ. ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು, ಮೆದು ಮಾತಿನವಳು. ಪಾರ್ಟಿಸಿಪಲ್ ಬರುವವರೆಗೆ ಎಲ್ಲ ಸಲೀಸಾಗಿತ್ತು.

"ನೋಡಿ ಆಂಟಿ, ಕುದೀತಾ ಇರೋ ನೀರು ಬಾಯ್ಲಿಂಗ್ ವಾಟರ್. ಕುದಿಸಿ ಆರಿಸಿಟ್ಟಿರೋದು ಬಾಯ್ಲ್ಡ್ ವಾಟರ್. ಕ್ರಿಯಾಪದಾನೇ ಬಂದು ನೀರು ಎಂಥದ್ದು ಅಂತ ಹೇಳುತ್ತೆ."

ನೀರಿನ ಮಟ್ಟಿಗೆ ಅರ್ಥವಾಯಿತು. ಮನುಷ್ಯರ ವಿಷಯಕ್ಕೆ ಬಂದಾಗ ಕೆಟ್ಟಿತು. ನನಗೆ ಬೇಜಾರಾಗಿದೆ ಎನ್ನಲು ನಾರಾಯಣಮ್ಮನವರು 'ಐ ಆಮ್ ಬೋರಿಂಗ್' ಎಂದು ಬರೆದು ತೋರಿಸಿದರು.

ಶಾಂತಲಾ ಅದನ್ನು ಎರಡು ಸಲ ಓದಿ, "ಕರೆಕ್ಟ್ ಆಂಟಿ" ಎಂದಳು.

"ಹಂಗಾದ್ರೆ ಬೋರ್ಡ್ ಅಂತಾನೂ ಬಂದಿತ್ತಲ್ಲ ಪುಸ್ತಕದಲ್ಲಿ?"

"ಅದೂ ಬರುತ್ತೆ ಆಂಟಿ."

ಎರಡೂ ಸರಿಯಾದರೆ ಎರಡು ಯಾಕಿಟ್ಟರು? ನಾರಾಯಣಮ್ಮನವರ ತಲೆ ಕಲಸುಮೇಲೋಗರವಾಯಿತು. ಟೆರೇಸಿನಲ್ಲಿ ಬಟ್ಟೆ ಹರವುವಾಗಲೂ ಡ್ರೈಯಿಂಗೋ ಡ್ರೈಡೋ ಎಂದು ಗೊಣಗುತ್ತಿದ್ದರು. ಪಾಪ, ಏನು ಬರೆದರೂ ಕರೆಕ್ಟೇ ಆಗುತ್ತಿತ್ತು, ಒಂದೂ ಅರ್ಥವಾಗುತ್ತಿರಲಿಲ್ಲ.

ಫಲಿತಾಂಶ ಬಂತು. ಮತ್ತೆ ಫೇಲು. ಗಂಗಾಧರಯ್ಯನವರು ಫೋನ್ ಹಿಡಿದು ನೆಂಟರಿಗೆಲ್ಲ ಸುದ್ದಿ ಮುಟ್ಟಿಸಲು ಕೂತರು. ಅದನ್ನು ಕೇಳಲಾರದೆ ನಾರಾಯಣಮ್ಮನವರು ಮೇಲಕ್ಕೆ ಹತ್ತಿದರು. ಸಿಟ್ಟಿರಲಿಲ್ಲ, ಏನೂ ತೋಚುತ್ತಿರಲಿಲ್ಲ.

"ಎಲ್ಲಾ ಕರೆಕ್ಟ್ ಅಂದಿದ್ಯಲ್ಲಮ್ಮ. ಎಲ್ಲಿ ತಪ್ಪಾಯ್ತು?"

ಶಾಂತಲಾ ವೇಲಿನ ತುದಿ ಹಿಂಡುತ್ತ ನಿಂತಳು. "ತುಂಬಾ ತಪ್ಪಿತ್ತು ಆಂಟಿ. ಹೇಳೋಕೆ ಭಯ ಆಯ್ತು. ನೀರು ಬಿಡೋ ಟೈಮ್ ಸರಿಯಿಲ್ಲ ಅಂದಿದ್ದಕ್ಕೆ ಹಿಂದಿನವರನ್ನ ಖಾಲಿ ಮಾಡ್ಸಿದ್ರಂತೆ. ನಮಗೆ ಈ ಬಾಡಿಗೆಗೆ ಬೇರೆ ಮನೆ ಎಲ್ಲಿ ಸಿಗುತ್ತೆ?"

ಖಾಲಿ ಮಾಡಿಸಿದ್ದು ನಿಜ. ಅದನ್ನು ಬೀದಿಗೆಲ್ಲ ಜಂಬದಿಂದ ಹೇಳಿಕೊಂಡು ಬಂದಿದ್ದವರೂ ಅವರೇ. ನಾರಾಯಣಮ್ಮನವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾಚಿಕೆಯಾಯಿತು.

"ಅಂದ್ರೆ ಈ ಬಿಲ್ಡಿಂಗಲ್ಲಿ ನಂಗೆ ಯಾರೂ ನಿಜ ಹೇಳಲ್ವಾ?"

"ಛೆ, ಹಾಗೇನಿಲ್ಲ ಆಂಟಿ," ಎಂದಳು ಶಾಂತಲಾ ಥಟ್ಟನೆ. "ಎಲ್ರೂ ನಿಜಾನೇ ಹೇಳ್ತಾರೆ."