ನನ್ನ ಅವರೆ ತಿಂದ ಜಿಂಕೆ

ಆ ಜಿಂಕೆಯನ್ನು ಕೊಲ್ಲಬೇಕೆಂದು ನಾನು ತೀರ್ಮಾನಿಸಿದ್ದು ಅಡುಗೆಮನೆಯ ಕಿಟಕಿಯ ಬಳಿ, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಾಗ.

ತೊಂಬತ್ತರ ದಶಕದ ನಡುಭಾಗ. ಅಮೆರಿಕದ ಏಪೆಕ್ಸ್ ಊರಿನ ಹೊರಗೆ, ಪೈನ್ ಮರಗಳ ಅಂಚಿನ ಹಳೆಯ ಮನೆಯಲ್ಲಿದ್ದೆವು. ಗಂಡನಿಗೆ ಕಂಪ್ಯೂಟರ್ ಕೆಲಸ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮಂಡ್ಯ ಕಡೆಯ ರೈತನ ಮಗಳು ಕೈಕಟ್ಟಿ ಎಷ್ಟು ದಿನ ಕೂರುತ್ತಾಳೆ? ಹಿತ್ತಲಲ್ಲಿ ಚಪ್ಪರ ಕಟ್ಟಿ ಅವರೆ ಹಾಕಿದೆ. ಬೀಜ ಅಕ್ಕನದು, ಪೌಡರ್ ಡಬ್ಬಿಯಲ್ಲಿ ತುಂಬಿ ಸೂಟ್‌ಕೇಸಿನ ಸೀರೆಗಳ ನಡುವೆ ತುರುಕಿದ್ದಳು. ಅಲ್ಲೇ ಹುಟ್ಟಿದ ನನ್ನ ನಾಲ್ಕು ವರ್ಷದ ಮಗಳಿಗೆ ಅವರೆಕಾಯಿಯ ಸೊಗಡು ಎಂದರೇನೆಂದು ಗೊತ್ತಿರಲಿಲ್ಲ. ಕಾಯಿ ಸುಲಿದರೆ ಬೆರಳಿಗೆ ಅಂಟಿ ಮೂರು ದಿನ ಹೋಗದ ಆ ವಾಸನೆ ಒಂದು ಸಲವಾದರೂ ನನ್ನ ಮನೆಯಲ್ಲಿ ತುಂಬಬೇಕೆಂಬುದು ನನ್ನ ಆಸೆಯಾಗಿತ್ತು.

ಮೊದಲ ವರ್ಷ ಬಳ್ಳಿ ಚಪ್ಪರವನ್ನು ಮುಚ್ಚಿತು. ಎಳೆಕಾಯಿ ಇಳಿಬಿದ್ದ ವಾರವೇ ಒಂದು ಬೆಳಗ್ಗೆ ಹೆಣ್ಣು ಜಿಂಕೆಯೊಂದು ಬಂದು ತಿನ್ನತೊಡಗಿತು. ಎಡಗಿವಿ ಹರಿದಿತ್ತು. ಸೌಟಿನಿಂದ ಕಿಟಕಿ ಬಡಿದೆ. ಅದು ತಲೆಯೆತ್ತಿ ನನ್ನನ್ನು ನೋಡಿತು, ಅಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೀದಿ ಜಗಳದಲ್ಲಿ ಎದುರಿನವಳು ಎಲೆ ಅಡಿಕೆ ಜಗಿಯುತ್ತಾ ನಮ್ಮ ಬೈಗುಳ ಕೇಳಿಸಿಕೊಳ್ಳುತ್ತಾಳಲ್ಲ, ಹಾಗೆ. ನಾನು ಬಾಗಿಲು ತೆರೆದು ಓಡುವಷ್ಟರಲ್ಲಿ ಚಪ್ಪರದಲ್ಲಿ ಬರೀ ಕಡ್ಡಿ ಉಳಿದಿತ್ತು.

"ಹೋಗ್ಲಿ ಬಿಡೆ, ಪಾಪ, ಹಸ್ದಿತ್ತೇನೋ. ತಿನ್ಲಿ," ಎಂದ ಗಂಡ ಅಂದು ಸಂಜೆ.

"ತಿನ್ಲಿ. ಅದ್ನ ನಾನು ತಿಂತೀನಿ. ಅದೇ ಅವರೆಕಾಳು ಹಾಕಿ ಸಾರು ಮಾಡ್ತೀನಿ."

ಅವನು ನಕ್ಕ. ನಾನು ನಗಲಿಲ್ಲ. ಡಬ್ಬಿಯ ತಳದಲ್ಲಿ ಹತ್ತೊಂಬತ್ತು ಬೀಜ ಉಳಿದಿದ್ದವು. ಊರಿಗೆ ಯಾವಾಗ ಹೋಗುತ್ತೇವೋ ತಿಳಿಯದು.

ಪಕ್ಕದ ಕಾಡು ಒಬ್ಬ ಮುದುಕನದು. ಮೊದಲು ತಂಬಾಕು ಬೆಳೆಯುತ್ತಿದ್ದವನು, ಈಗ ಒಬ್ಬನೇ ಇದ್ದ. ದೂರು ಹೇಳಲು ಹೋದೆ. ಅವನು ನನ್ನ ಜೊತೆ ಬಂದು ಕಡ್ಡಿಯಾದ ಬಳ್ಳಿಯನ್ನು ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇಲ್ಲಿ ಜಿಂಕೆ ಬರ್ಲಿ ಅಂತಾನೇ ಜನ ಇದನ್ನ ಬಿತ್ತೋದು. ಮೇವಿನ ಅಂಗಡೀಲಿ ಮೂಟೆಗಟ್ಟಲೆ ಸಿಗುತ್ತೆ," ಎಂದ. ತನ್ನ ಕೊಟ್ಟಿಗೆಯಿಂದ ಒಂದು ಹಿಡಿ ಕಾಳು ತಂದು ತೋರಿಸಿದ. ಮೂಸಿ ನೋಡಿದೆ. ಅವರೆಯ ಜಾತಿಯೇ, ಆದರೆ ದನದ ಮೇವು. ಅಂದರೆ ನಾನು ಊರಿಂದ ಕದ್ದುಮುಚ್ಚಿ ತಂದ ಬೀಜ ನೆಟ್ಟು, ನೀರೆರೆದು, ಜಿಂಕೆಗೆ ಎಲೆ ಹಾಕಿ ಬಡಿಸಿದ್ದೆ. ಆ ಅವಮಾನ ಸೇಡಿಗೆ ತುಪ್ಪ ಸುರಿಯಿತು.

ಬಂದೂಕಿನಿಂದ ಜಿಂಕೆ ಹೊಡೆಯಲು ಸರ್ಕಾರ ಬಿಡುವ ಸೀಸನ್ ಶುರುವಾಗುವ ಹೊತ್ತಿಗೆ ಅವರೆ ಮುಗಿದಿರುತ್ತದೆ; ಬಿಲ್ಲಿನ ಸೀಸನ್ ಸೆಪ್ಟೆಂಬರಿನಲ್ಲೇ ತೆರೆಯುತ್ತದೆ ಎಂದು ಮುದುಕನೇ ಹೇಳಿದ. ಮದುವೆಯಾಗಿ ಷಾರ್ಲೆಟ್‌ಗೆ ಹೋದ ಮಗಳ ಬಿಲ್ಲನ್ನು ಅಟ್ಟದಿಂದ ಇಳಿಸಿ ಕೊಟ್ಟ. ಬೇಟೆ ಕಲಿಸುವ ತರಗತಿಗೆ ಹೋಗಿ ಲೈಸೆನ್ಸ್ ಪಡೆದೆ. ಅಲ್ಲಿ ಸಲ್ವಾರ್ ಕಮೀಜ್ ತೊಟ್ಟವಳು ನಾನೊಬ್ಬಳೇ. ಮುಂದಿನ ಬೇಸಿಗೆಯೆಲ್ಲಾ ಹುಲ್ಲಿನ ಪೆಂಡಿಗೆ ಬಾಣ ಬಿಟ್ಟು ಬಿಟ್ಟು ಭುಜ ಊದಿಕೊಂಡಿತು. ಪೆಂಡಿಗೆ ಹರಿದ ಬಟ್ಟೆಯಿಂದ ಒಂದು ಕಿವಿ ಮಾಡಿ ಅಂಟಿಸಿದ್ದೆ.

"ಅದು ಪಕ್ಕಕ್ಕೆ ತಿರುಗೋವರೆಗೂ ಬಾಣ ಬಿಡಬಾರದು," ಎಂದು ಮುದುಕ ದಿನಾ ಹೇಳುತ್ತಿದ್ದ. "ಎದುರಿಗೆ ನಿಂತಾಗ ಬಿಟ್ರೆ ಮೂಳೆಗೆ ಬೀಳುತ್ತೆ. ಗಾಯ ಹೊತ್ಕೊಂಡು ಓಡಿ ಎಲ್ಲೋ ನರಳಿ ಸಾಯುತ್ತೆ."

ನರಳಲಿ ಎಂದೇ ನನಗನ್ನಿಸಿತ್ತು. ಆದರೆ ಎಲ್ಲೋ ಸತ್ತರೆ ಸಾರಿಗೆ ಮಾಂಸ ಸಿಗುವುದಿಲ್ಲ. ಹಾಗಾಗಿ ಅವನ ಮಾತನ್ನು ಒಪ್ಪಿಕೊಂಡೆ.

ಹತ್ತೊಂಬತ್ತು ಬೀಜದಲ್ಲಿ ಹದಿಮೂರು ಮೊಳೆತವು. ಸೆಪ್ಟೆಂಬರಿನಲ್ಲಿ ಸೀಸನ್ ತೆರೆದ ಬೆಳಗ್ಗೆ, ಮುದುಕನ ಕಾಡಿನಂಚಿನ ಮರಕ್ಕೆ ಒರಗಿಸಿದ ಏಣಿಯ ಮೇಲಿನ ಹಲಗೆಯಲ್ಲಿ ಹೋಗಿ ಕೂತೆ. ಎದುರಿಗೆ ನನ್ನ ಚಪ್ಪರ, ಹದಿನೆಂಟು ಹೆಜ್ಜೆ. ಸೆಕೆಯೋ ಸೆಕೆ. ಸೊಳ್ಳೆಗಳು ಕಿವಿಯೊಳಗೇ ಸಂಸಾರ ಹೂಡಿದವು. ಅಲುಗಾಡುವಂತಿಲ್ಲ, ಕೆಮ್ಮುವಂತಿಲ್ಲ. ಗಂಡ ಆಫೀಸಿಗೆ ಹೊರಡುವವರೆಗೆ ಎರಡು ಗಂಟೆ ಕೂತು, ಇಳಿದು ಬಂದು ಮಗಳಿಗೆ ದೋಸೆ ಹುಯ್ಯುತ್ತಿದ್ದೆ. ಸೋಮವಾರ, ಶನಿವಾರ ನಮ್ಮ ಮನೆಯಲ್ಲಿ ಮಾಂಸದ ಸುದ್ದಿಯಿಲ್ಲ. ಭಾನುವಾರ ಅಲ್ಲಿನ ಕಾನೂನು ಬೇಟೆಗೆ ಬಿಡುತ್ತಿರಲಿಲ್ಲ. ಉಳಿದ ನಾಲ್ಕು ದಿನವೂ ಬಂದದ್ದು ಅಳಿಲುಗಳು. ಮಹಾಲಯ ಅಮಾವಾಸ್ಯೆಗೆ ಅಪ್ಪನ ಎಡೆಗೆ ಆ ಜಿಂಕೆಯ ಮಾಂಸವನ್ನೇ ಇಡುತ್ತೇನೆಂದು ಅಂದುಕೊಂಡಿದ್ದೆ. ಅಂಗಡಿಯ ಕೋಳಿ ಇಟ್ಟೆ. ಆಮೇಲೆ ನವರಾತ್ರಿ; ಹತ್ತು ದಿನ ಬಿಲ್ಲು ಮುಟ್ಟಲಿಲ್ಲ. ತಾಳಿದವನು ಬಾಳಿಯಾನು ಎನ್ನುತ್ತಾರೆ. ನಾನು ತಾಳುತ್ತಿದ್ದುದು ಬಾಳುವುದಕ್ಕಲ್ಲ.

ದಸರಾ ಕಳೆದ ಮೇಲೆ ಮುದುಕ ಬಂದು ತುಂಬಾ ಹೊತ್ತು ಹವಾಮಾನದ ಬಗ್ಗೆ ಮಾತಾಡಿದ. ಕೊನೆಗೆ ನೆಲ ನೋಡುತ್ತಾ, "ಬೇಜಾರು ಮಾಡ್ಕೋಬೇಡಿ. ನಿಮ್ಮ ವಾಸನೆ ಅದಕ್ಕೆ ಗೊತ್ತಾಗ್ತಿದೆ," ಎಂದ. ತಲೆಗೆ ಕೊಬ್ಬರಿ ಎಣ್ಣೆ, ಬಟ್ಟೆಯಲ್ಲಿ ಇಂಗು, ಬೆಳ್ಳುಳ್ಳಿ ಒಗ್ಗರಣೆ. ಸಾಲದ್ದಕ್ಕೆ ಪಾತ್ರೆ ತೊಳೆದ ಮುಸುರೆ ನೀರನ್ನು ದಿನಾ ಅವರೆಯ ಬುಡಕ್ಕೇ ಸುರಿಯುತ್ತಿದ್ದೆ. ನನಗೆ ಮೈಯೆಲ್ಲಾ ಉರಿಯಿತು. ನಿನ್ನ ತಂಬಾಕಿಗಿಂತ ವಾಸಿ ಎಂದೆ. ಬೇಟೆಯ ದಿನಗಳಲ್ಲಿ ತಾನು ತಂಬಾಕು ಮುಟ್ಟುವುದೇ ಇಲ್ಲ ಎಂದು ಅವನು ಮೆಲ್ಲಗೆ ಹೇಳಿದ.

ಅಂದು ಊರಿಗೆ ಫೋನ್ ಮಾಡಿ ಅಕ್ಕನ ಮುಂದೆ ಕೂಗಾಡಿದೆ. ಅವಳು ಎಲ್ಲಾ ಕೇಳಿ, "ಅಲ್ಲ ಕಣೆ, ಈ ವರ್ಷ ಅದು ಅವರೆ ಮುಟ್ಟೇ ಇಲ್ಲ ಅಂತೀಯ. ನಿನ್ನ ಮುಸುರೆ ನೀರೇ ಬೇಲಿ ಆಗೈತೆ. ಇನ್ನೇನು ಬೇಕೇ ನಿಂಗೆ?" ಎಂದಳು. "ಕಾಯಿ ಬಲಿಯೋಕೆ ಮೂರು ವಾರ. ಸುಮ್ಕಿರು. ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಹಚ್ಬೇಡ."

ಅಕ್ಕ ಹೇಳಿದ್ದು ಸರಿಯೆಂದು ನನಗೆ ಆಗಲೇ ಗೊತ್ತಿತ್ತು. ಚಪ್ಪರದ ತುಂಬಾ ಎಳೆಕಾಯಿ ಇಳಿದಿತ್ತು. ಆದರೆ ಒಂದು ವರ್ಷ ಆ ಅಗಿಯುವ ಬಾಯಿಯನ್ನು ಕಣ್ಣಮುಂದೆ ಇಟ್ಟುಕೊಂಡವಳಿಗೆ ಅವರೆ ಎರಡನೆಯದಾಗಿತ್ತು. ಮುಸುರೆ ಸುರಿಯುವುದನ್ನು ನಿಲ್ಲಿಸಿದೆ. ಎಣ್ಣೆ ಬಿಟ್ಟೆ. ಮುದುಕ ಕೊಟ್ಟ ವಾಸನೆಯಿಲ್ಲದ ಸೋಪಿನಲ್ಲಿ ತಲೆ ತೊಳೆದೆ, ಬಟ್ಟೆಗಳನ್ನು ಪೈನ್ ಎಲೆಗಳ ಜೊತೆ ಚೀಲದಲ್ಲಿಟ್ಟೆ. ಎಂಟು ದಿನ ಒಗ್ಗರಣೆ ಹಾಕಲಿಲ್ಲ. ಗಂಡ ಬ್ರೆಡ್ಡು ತಿಂದು ಗೊಣಗಿದ. ರಾತ್ರಿ ಮಲಗುವಾಗ ಮಗಳು ನನ್ನ ಕುತ್ತಿಗೆಗೆ ಮೂಗು ಒತ್ತಿ ಮತ್ತೆ ಮತ್ತೆ ಮೂಸಿದಳು.

"ಅಮ್ಮಾ, ನಿನ್ ಸ್ಮೆಲ್ ಎಲ್ಲಿ ಹೋಯ್ತು?"

ಹೊದಿಕೆಯನ್ನು ಅವಳ ಗಲ್ಲದವರೆಗೆ ಎಳೆದು ದೀಪ ಆರಿಸಿದೆ.

ಒಂಬತ್ತನೆಯ ದಿನ, ಗುರುವಾರ, ಬೆಳಕು ಹರಿಯುವಾಗ ಅದು ಬಂತು. ಹರಿದ ಕಿವಿ. ನೇರ ಚಪ್ಪರಕ್ಕೆ ಹೋಗಿ ನನ್ನ ಕಡೆಗೆ ಮುಖ ಮಾಡಿ ನಿಂತು ತಿನ್ನತೊಡಗಿತು. ಎದೆ ನನಗೆದುರಾಗಿತ್ತು, ಬಾಣ ಬಿಡುವಂತಿರಲಿಲ್ಲ. ಕೂಗಿದ್ದರೆ ಓಡುತ್ತಿತ್ತು, ಒಂದು ಚಪ್ಪಾಳೆ ಸಾಕಿತ್ತು. ನಾನು ಕೂಗಲಿಲ್ಲ. ಮೊದಲ ಬಳ್ಳಿ ಹೋಯಿತು, ಎರಡನೆಯದು ಹೋಯಿತು. ಕಾಯಿ ಮುರಿಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತಿನ್ನು, ತಿನ್ನು, ಆಮೇಲೆ ತಿರುಗು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹದಿಮೂರು ಬಳ್ಳಿಯನ್ನೂ ಬರಿದುಮಾಡಿ, ತಿನ್ನಲು ಇನ್ನೇನೂ ಇಲ್ಲದಾಗ ಅದು ಪಕ್ಕಕ್ಕೆ ತಿರುಗಿತು. ಬಾಣ ಮುಂಗಾಲಿನ ಹಿಂದೆ ಹೊಕ್ಕು ಆಚೆ ಹೋಯಿತು.

ನನಗೆ ಆಗ ಆದದ್ದು ಸಂತೋಷವೇ. ಸುಳ್ಳು ಹೇಳಲಾರೆ.

ಅರ್ಧ ಗಂಟೆ ಕಾದು, ಮುದುಕನೊಡನೆ ರಕ್ತದ ಜಾಡು ಹಿಡಿದು ಹೋದೆ. ಅರವತ್ತು ಹೆಜ್ಜೆಯಲ್ಲೇ ಬಿದ್ದಿತ್ತು. ಅವನು ಚಾಕು ತೆಗೆದು ಕರುಳನ್ನು ಹುಷಾರಾಗಿ ಹೊರಗೆಳೆದ.

"ಆ ಹೊಟ್ಟೆಚೀಲ ಸೀಳಿ," ಎಂದೆ.

"ಯಾಕೆ? ಅದನ್ನ ಯಾರೂ ಸೀಳಲ್ಲ. ಗಬ್ಬು ನಾತ."

"ಸೀಳಿ."

ಅವನು ಸೀಳಿದ. ನಾತದ ಹಿಂದೆಯೇ ಇನ್ನೊಂದು ವಾಸನೆ ಎದ್ದಿತು. ನನ್ನ ಅಕ್ಕನ ಹೊಲದ ಸೊಗಡು. ಬಿಸಿಬಿಸಿಯಾಗಿ. ನಾನು ಮೊಣಕಾಲೂರಿ ಎರಡೂ ಕೈ ಒಳಗೆ ಹಾಕಿದೆ. ಹಸಿರು ಮುದ್ದೆಯನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಹುಡುಕಿದೆ. ಬೀಜಕ್ಕೆ ಒಂದಾದರೂ ಸಿಗುತ್ತದೇನೋ ಎಂದು. ಅಗಿಯದೆ ನುಂಗಿದ ಕಾಳು ಎಷ್ಟೋ ಸಿಕ್ಕವು. ಎಲ್ಲಾ ಮೆತ್ತಗೆ, ಹಾಲುಗಾಳು. ಒಂದೂ ಬಲಿತಿರಲಿಲ್ಲ. ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಆ ಸಂಜೆ ಸಾರು ಮಾಡಿದೆ. ಅವರೆಕಾಳಿನ ಬದಲು ಅಂಗಡಿಯ ಫ್ರೀಜ್ ಮಾಡಿದ ಬೀನ್ಸ್ ಹಾಕಿದೆ. ಗಂಡ ಎರಡು ಸಲ ಬಡಿಸಿಕೊಂಡ. ನಾನೂ ತಿಂದೆ, ಒಂದು ತುಂಡೂ ಬಿಡದೆ. ಮುದ್ದೆ ಮುರಿದು ಮಗಳ ಬಾಯಿಗೆ ಇಡಹೋದಾಗ ಅವಳು ನನ್ನ ಕೈಯನ್ನು ಹಿಡಿದು ಮೂಗಿಗೆ ಒತ್ತಿಕೊಂಡಳು. ಎಷ್ಟು ಸಲ ಸೋಪು ಹಾಕಿ ತೊಳೆದಿದ್ದರೂ ಹೋಗಿರಲಿಲ್ಲ.

"ಇದ್ ಏನ್ ಸ್ಮೆಲ್ ಅಮ್ಮಾ? ಐ ಲೈಕ್ ಇಟ್."

"ಅವರೆಕಾಯಿ," ಎಂದೆ.

"ನಂಗೂ ಬೇಕು," ಎಂದು ತಟ್ಟೆಯಲ್ಲಿ ಹುಡುಕತೊಡಗಿದಳು.